ಇಪ್ಪತ್ತೊಂದು, ಹದಿನೇಳು

ಕಣ್ಣಿಗೆ ಕಾಣದ್ದನ್ನು ನಂಬುವವನು ನಾನಲ್ಲ. ಜೈಲಿನಲ್ಲಿ ಪಕ್ಕದವರು ಗೋಡೆಗೆ ಅಂಟಿಸಿದ ದೇವರ ಪಟಕ್ಕೆ ಕೈ ಮುಗಿಯುವ ಹೊತ್ತಿಗೆ ನಾನು ಹಲ್ಲುಜ್ಜಲು ಎದ್ದು ಹೋಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ನೀವು ನನ್ನನ್ನು ಬೇರೆ ಥರದವನೆಂದು ತಿಳಿಯಬಾರದು. ಕಂಡದ್ದನ್ನು ಕಂಡ ಹಾಗೆ ಬರೆಯಬಲ್ಲೆ. ಕೇಳಿದ್ದರ ಬಗ್ಗೆ ಮಾತ್ರ ಖಾತ್ರಿ ಇಲ್ಲ, ಏಕೆಂದರೆ ಕೇಳಿಸಿದ್ದು ನನಗಲ್ಲ.

ಭದ್ರಾವತಿಯಲ್ಲಿ ಗ್ಯಾರೇಜಿನ ಜಗಳವೊಂದರಲ್ಲಿ ನಾನು ಬೀಸಿದ ಸ್ಪ್ಯಾನರ್ ಒಬ್ಬ ಹುಡುಗನ ಮುಖಕ್ಕೆ ಬಿತ್ತು. ಅವನ ಬಲಗಣ್ಣು ಹೋಯಿತು. ನಾಲ್ಕು ವರ್ಷ ಒಳಗಿದ್ದೆ. ಅಲ್ಲಿ ನನ್ನ ನಂಬರು ಕಾಗದದ ಮೇಲೆ ಎರಡು ಸಾವಿರದ ನೂರ ಹದಿನೇಳು. ವಾರ್ಡರುಗಳು ಅದನ್ನು ಹಾಗೆ ಕರೆಯುತ್ತಿರಲಿಲ್ಲ. "ಇಪ್ಪತ್ತೊಂದು" ಎಂದು ಸ್ವಲ್ಪ ತಡೆದು, "ಹದಿನೇಳು, ಕೂತ್ಕೋ" ಎನ್ನುತ್ತಿದ್ದರು. ಕೂಗಿದೊಡನೆ ಎಲ್ಲಿದ್ದೆವೋ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು "ಹಾಜರ್" ಎನ್ನಬೇಕು. ಅಂಗಳದಲ್ಲಿ ನಡೆಯಲು ಬಿಡುತ್ತಿದ್ದ ಒಂದು ಗಂಟೆಯಲ್ಲಿ ನಾನು ಓಡಲು ಕಲಿತೆ. ಏದುಸಿರು ಹತ್ತಿದಾಗ ಆ ಮುಖ ನೆನಪಾಗುತ್ತಿರಲಿಲ್ಲ, ಅಷ್ಟೇ ಕಾರಣ.

ಬಿಡುಗಡೆಯಾದ ಮೇಲೆ ಶಿವಮೊಗ್ಗಕ್ಕೆ ಬಂದು ಹೊಸಮನೆ ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದೆ. ಒಳಗೆ ಕಲಿತ ಮರಗೆಲಸ ಅನ್ನ ಕೊಟ್ಟಿತು. ಇಷ್ಟು ವರ್ಷ ಎಲ್ಲಿದ್ದೆ ಎಂದವರಿಗೆ ಮುಂಬೈ ಎನ್ನುತ್ತಿದ್ದೆ. ಬೆಳಿಗ್ಗೆ ಕ್ರೀಡಾಂಗಣದಲ್ಲಿ ಓಡುವಾಗ ಐವತ್ತು ದಾಟಿದ ಒಬ್ಬರು ಕಂಬಿ ಹಿಡಿದು ನಿಂತು, ಹಾದುಹೋಗುವ ಪ್ರತಿಯೊಬ್ಬರ ಹೆಜ್ಜೆ ಸದ್ದಿಗೂ "ನನ್ನನ್ನೂ ಒಂದು ಸುತ್ತು ಓಡಿಸ್ತೀರಾ?" ಎಂದು ಕೇಳುತ್ತಿದ್ದರು. ರವೀಂದ್ರನಗರದ ಸಂಗೀತ ಮೇಷ್ಟ್ರು, ಹುಟ್ಟುಕುರುಡರು. ಮೂರನೆಯ ದಿನ ನಾನು ನಿಂತೆ.

ಕುರುಡರು ಓಡುವಾಗ ಜೊತೆಗಾರನ ಮಣಿಕಟ್ಟಿಗೂ ತಮ್ಮ ಮಣಿಕಟ್ಟಿಗೂ ಸೇರಿಸಿ ಮೊಳದುದ್ದದ ಹಗ್ಗ ಕಟ್ಟಿಕೊಳ್ಳುತ್ತಾರೆ. ನನ್ನ ಕೈಗೆ ಹಗ್ಗ ಬಿದ್ದದ್ದು ಅದಕ್ಕೆ ಮೊದಲು ಕೋರ್ಟಿಗೆ ಹೋಗುವಾಗ ಮಾತ್ರ. ಆದರೂ ಕಟ್ಟಿಸಿಕೊಂಡೆ. ಒಂದು ವರ್ಷದಲ್ಲಿ ನಾವು ಪ್ರತಿ ಭಾನುವಾರ ಭದ್ರಾವತಿಯವರೆಗೆ ಓಡಿ ಬಸ್ಸಿನಲ್ಲಿ ವಾಪಸಾಗುವಷ್ಟಾದೆವು. ಪೂರ್ತಿ ಮ್ಯಾರಥಾನ್ ಓಡಬೇಕೆಂಬುದು ಮೇಷ್ಟರ ಆಸೆ. ನನ್ನ ಆಸೆ, ಅವರು ನನ್ನನ್ನು ಬಿಡಬಾರದು ಎಂಬುದೊಂದೇ. ಒಬ್ಬನ ಕಣ್ಣು ತೆಗೆದವನ ಕೈಗೆ ಯಾವ ಕುರುಡ ಹಗ್ಗ ಕೊಡುತ್ತಾನೆ?

ಆ ಭಾನುವಾರ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ರಾತ್ರಿ ಗಾಳಿಮಳೆ ಸುರಿದು ನಿಂತಿತ್ತು. ಹೆದ್ದಾರಿ ಬಿಟ್ಟು ಪಕ್ಕದ ಸಣ್ಣ ರಸ್ತೆಯಲ್ಲಿದ್ದೆವು. ನನ್ನ ತಲೆಯ ಟಾರ್ಚು ಗುಂಡಿಗಳಿಗಾಗಿ ನೆಲಕ್ಕೆ ಬಾಗಿತ್ತು. ಒಂದು ಮೋರಿ ದಾಟುತ್ತಿದ್ದಂತೆ ಮೇಷ್ಟ್ರು ಹೆಜ್ಜೆ ನಿಧಾನಿಸಿದರು.

"ಯಾರನ್ನೋ ಕರೀತಿದಾರಲ್ಲ ಮಾರಾಯ."

"ಯಾರೂ ಇಲ್ಲ ಮೇಷ್ಟ್ರೇ."

"ಇದಾರೆ. ಇಪ್ಪತ್ತೊಂದು..." ಅವರು ತಡೆದರು. "ಹದಿನೇಳು, ಕೂತ್ಕೋ ಅಂತಿದಾರೆ."

ನಾನು ಯೋಚಿಸಿ ಕೂರಲಿಲ್ಲ. ಮೊಣಕಾಲು ತಾನಾಗಿ ಮಡಿಸಿಕೊಂಡಿತು. ಹಗ್ಗದ ಎಳೆತಕ್ಕೆ ಮೇಷ್ಟ್ರೂ ನನ್ನ ಪಕ್ಕ ಕುಸಿದರು. ಬಾಯಿಂದ "ಹಾಜರ್" ಎಂದೂ ಬಂತು. ಕೂತಲ್ಲಿಂದ ತಲೆ ಎತ್ತಿದಾಗ ಟಾರ್ಚಿನ ಬೆಳಕು ಮೇಲೆ ಹೋಯಿತು. ಕರೆಂಟ್ ಕಂಬದಿಂದ ಕಳಚಿದ ತಂತಿಯೊಂದು ರಸ್ತೆಗೆ ಅಡ್ಡವಾಗಿ ನಮ್ಮ ಎದೆಯ ಮಟ್ಟಕ್ಕೆ ಜೋತುಬಿದ್ದಿತ್ತು. ಆಮೇಲೆ ಅಳೆದೆ: ಕೂತ ಜಾಗದಿಂದ ಹನ್ನೊಂದು ಹೆಜ್ಜೆ.

ಫೋನು ಮಾಡಿದ ಮೇಲೆ ಬಂದ ಲೈನ್‌ಮನ್ ಬೈದ. "ಲೈನ್ ಆನ್ ಇದೆ ಕಣ್ರೀ! ಮುಟ್ಟಿದ್ರೆ ಇಬ್ರೂ ಇದ್ದಿಲಾಗ್ತಿದ್ರಿ. ಕಣ್ಣು ಕಾಣಲ್ವಾ?"

"ನನಗಂತೂ ಕಾಣಲ್ಲಪ್ಪ" ಎಂದರು ಮೇಷ್ಟ್ರು.

ಬೆಳಕಾದ ಮೇಲೆ ಎರಡೂ ಬದಿ ಹುಡುಕಿದೆ. ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆ, ಮೇಷ್ಟರ ಹೆಜ್ಜೆ, ಲೈನ್‌ಮನ್ನನ ಬೂಟು. ಮೋರಿಯೊಳಗೆ ನೀರು ಮಾತ್ರ. ದನಿ ಎಲ್ಲಿಂದ ಬಂತೆಂದು ಮೇಷ್ಟರನ್ನು ಕೇಳಿದೆ. "ಮುಂದಿನಿಂದ" ಎಂದರು. ಎಂದರೆ ತಂತಿಯ ಆಚೆಯಿಂದ.

ನನಗೆ ಆಗ ಹುಟ್ಟಿದ್ದು ಭಕ್ತಿಯಲ್ಲ, ಅನುಮಾನ. ಯಾರೋ ಇವರಿಗೆ ನನ್ನ ವಿಷಯ ಹೇಳಿದ್ದಾರೆ, ಇವರು ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎನ್ನಿಸಿತು. ಆದರೆ ಕಾಣದ ತಂತಿ ಇವರಿಗೆ ಗೊತ್ತಾದದ್ದು ಹೇಗೆ? ಹೊರಗಿನವರಲ್ಲಿ ಆ ನಂಬರು ತಿಳಿದಿದ್ದವಳು ಭದ್ರಾವತಿಯ ಅಕ್ಕ ಒಬ್ಬಳೇ. ಅಂದೇ ಅವಳ ಮನೆಗೆ ಹೋಗಿ ಕೇಳಿದೆ.

"ನಂಗೆ ಬೇರೆ ಕೆಲ್ಸ ಇಲ್ವೇನೋ? ನಿನ್ನ ಮಾನ ಉಳಿಸೋಕೆ ಮುಂಬೈ ಮುಂಬೈ ಅಂತ ಸುಳ್ಳು ಹೇಳಿ ನನ್ನ ನಾಲ್ಗೆ ಸವೆದುಹೋಗಿದೆ" ಎಂದಳು. ನಂಬರು ಹೇಳು ನೋಡೋಣ ಎಂದೆ. "ಎರಡು ಸಾವಿರದ ನೂರ ಹದಿನೇಳು" ಎಂದಳು. ಭೇಟಿಯ ಅರ್ಜಿಯಲ್ಲಿ ಅವಳು ಬರೆಯುತ್ತಿದ್ದದ್ದು ಹಾಗೆಯೇ. ವಾರ್ಡರುಗಳು ಅದನ್ನು ತುಂಡು ಮಾಡಿ ಕೂಗುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಎರಡು ವಾರ ನಾನು ಕ್ರೀಡಾಂಗಣಕ್ಕೆ ಹೋಗಲಿಲ್ಲ. ಮೂರನೆಯ ವಾರ ಹೋದೆ. ಮೇಷ್ಟ್ರು ಕಂಬಿ ಹಿಡಿದು ನಿಂತಿದ್ದರು, ಆದರೆ ಯಾರನ್ನೂ ಕೇಳುತ್ತಿರಲಿಲ್ಲ. ಅವರ ಮುಂದೆ ನಿಂತು ಎಲ್ಲ ಹೇಳಿದೆ. ಜಗಳ, ಸ್ಪ್ಯಾನರ್, ಕಣ್ಣು, ನಂಬರು. ಅವರು ಕಂಬಿಯಿಂದ ಕೈ ತೆಗೆದರು.

"ನಿನ್ನ ಕೈ ಹಗ್ಗ ಕಂಡಿದ್ದು ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು ಕಣಯ್ಯಾ. ಬಿಗಿದಾಗ ಎಳ್ಕೊಳ್ಳಲ್ಲ ನೀನು, ಜೊತೆಗೇ ಬರ್ತೀಯ" ಎಂದರು. "ಕಣ್ಣಿನ ವಿಷಯ ಗೊತ್ತಿರ್ಲಿಲ್ಲ."

"ನಂಬರು?"

"ಕೇಳಿಸಿದ್ದು ಹೇಳ್ದೆ." ಅವರು ಹಗ್ಗವನ್ನು ಜೇಬಿನಿಂದ ತೆಗೆದರು. ಕೊಡುವ ಮುನ್ನ ಕೇಳಿದರು: "ಆ ಹುಡುಗನಿಗೆ ಇನ್ನೊಂದು ಕಣ್ಣು ಕಾಣತ್ತಾ?"

"ಕಾಣತ್ತೆ."

ಅವರು ಕೈ ಚಾಚಿದರು.

ನನ್ನ ಅನುಮಾನ ಹೋಗಿಲ್ಲ. ಹಗ್ಗದಿಂದ ಅಷ್ಟು ತಿಳಿದವರಿಗೆ ಇನ್ನೂ ಏನೇನು ತಿಳಿದಿರಬಹುದು ಎಂದು ಈಗಲೂ ಓಡುವಾಗ ಅವರ ಮುಖ ನೋಡುತ್ತೇನೆ. ಅಲ್ಲಿ ಬೆವರಷ್ಟೇ ಇರುತ್ತದೆ. ದೇವರ ಪಟ ನನ್ನ ಕೋಣೆಯಲ್ಲಿ ಈಗಲೂ ಇಲ್ಲ. ಆದರೆ ಭಾನುವಾರ ಆ ಮೋರಿ ಹತ್ತಿರವಾದಾಗ ಮೇಷ್ಟ್ರು ಹೆಜ್ಜೆ ನಿಧಾನಿಸಿ ಕಿವಿಗೊಡುತ್ತಾರೆ. ಏನೂ ಕೇಳಿಸುತ್ತಿಲ್ಲವೆಂದು ತಲೆಯಾಡಿಸುತ್ತಾರೆ. ಯಾರೂ ಕರೆಯದಿದ್ದರೂ ನಾನು ಮೆಲ್ಲಗೆ "ಹಾಜರ್" ಎನ್ನುತ್ತೇನೆ. ಯಾರಿಗೆ ಹೇಳುತ್ತಿದ್ದೇನೆಂದು ನನಗೆ ಗೊತ್ತಿಲ್ಲ. ಹೇಳದೆ ದಾಟಲು ಮಾತ್ರ ಧೈರ್ಯ ಬರುವುದಿಲ್ಲ.