ತಣ್ಣಪ್ಪನ ಬಸ್ಸುಮನೆ

ನನ್ನ ತಂಗಿಯನ್ನು ಮದುವೆಯಾಗುತ್ತೇನೆಂದು ಹೇಳಲು ನಮ್ಮ ಮನೆಗೆ ಬಂದ ದಿನ, ಅವನು ಮಾತಿಗೂ ಮೊದಲು ಎದ್ದುಹೋಗಿ ಕಿಟಕಿ ಮುಚ್ಚಿದ. “ತಂಪು ಆಚೆ ಹೋಗುತ್ತೆ” ಎಂದ. ಉರಿ ಬೇಸಿಗೆಯ ಮಧ್ಯಾಹ್ನ. ಒಳಗೆ ತಂಪೆಂಬುದು ಇದ್ದರಲ್ಲವೇ ಹೋಗುವುದು. ತಂಗಿ ಮಾತ್ರ ಎಂಥ ಬುದ್ಧಿವಂತ ಎಂಬಂತೆ ಅವನನ್ನೇ ನೋಡುತ್ತಿದ್ದಳು.

ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಮೂವತ್ತೊಂದು ವರ್ಷ ಬಾಗಿಲು ಕಾದ. ಯಾರು ಎಷ್ಟು ಹೊತ್ತು ಬಾಗಿಲು ತೆರೆದರೆಂದು ನೋಡುವುದೇ ಉದ್ಯೋಗ. ಅಲ್ಲಿನವರು ತಣ್ಣಪ್ಪ ಎಂದು ಆಡಿಕೊಂಡರೆ ಅದನ್ನೂ ಬಿರುದೆಂದು ಬೀಗುತ್ತಿದ್ದ. ನಿವೃತ್ತನಾದ ಮೇಲೆ ಹಳೆಯ ಮಿನಿಬಸ್ಸೊಂದನ್ನು ಮನೆ ಮಾಡಿಸಿದ: ಮಂಚ, ಒಲೆ, ಸಿಂಕು, ಸ್ನಾನಕ್ಕೆ ಬೀರುವಿನಷ್ಟು ಜಾಗ. ಊರೂರು ಸುತ್ತಿ, ಈ ಬೇಸಿಗೆಗೆ ಅದನ್ನು ನನ್ನ ಲಾಂಡ್ರಿಯ ಹಿಂದಿನ ಬಯಲಿಗೆ ತಂದ. ಅಲ್ಲಿರುವುದು ಒಂದೇ ಮರ. ಅದರ ನೆರಳು ಬಿಟ್ಟು ಬಿಸಿಲಿಗೆ ನಿಲ್ಲಿಸಿದ. ಹಕ್ಕಿ ಹಿಕ್ಕೆಗೆ ಪೇಂಟು ಹಾಳಾಗುತ್ತದಂತೆ.

ಬಸ್ಸಿನ ಚಾವಣಿಯಲ್ಲಿ ಗಾಳಿ ಹೋಗಲು ಒಂದು ಮುಚ್ಚಳವಿತ್ತು. ಅದರ ಸುತ್ತ ದಪ್ಪಗೆ ಗಮ್ ಬಳಿದು ಮುಚ್ಚಿಬಿಟ್ಟ. ಕಿಟಕಿಗಳಿಗೂ ಅದೇ ಗತಿ. ಬೆಳಿಗ್ಗೆ ಒಂದು ಗಂಟೆ ಎಸಿ ಹಾಕಿ ಆರಿಸುತ್ತಿದ್ದ. ಒಮ್ಮೆ ತುಂಬಿದ ತಂಪು ಸಂಜೆಯವರೆಗೆ ಸಾಕಂತೆ. ಆ ಡಬ್ಬಿಯೊಳಗೇ ತಂಗಿ ಬೇಯಿಸಬೇಕು, ಮೀಯಬೇಕು, ಒಗೆದದ್ದು ಒಣಹಾಕಬೇಕು. ಹನ್ನೊಂದಕ್ಕೆಲ್ಲ ಗೋಡೆ ಬೆವರುತ್ತಿತ್ತು. ಹಾಸಿಗೆ ಎತ್ತಿದರೆ ಅಡಿಯಲ್ಲಿ ಬೂಷ್ಟು. ತಾನು ಮಾತ್ರ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಬಾಗಿಲಿನ ಮೇಲೊಂದು ಕಣ್ಣಿಟ್ಟು ಪೇಪರು ಓದುತ್ತಿದ್ದ.

“ಮೇಲಿನ ಮುಚ್ಚಳ ತೆಗೀರಿ. ಹಬೆಗೆ ದಾರಿ ಬೇಕು. ನಲವತ್ತು ವರ್ಷದಿಂದ ಒದ್ದೆ ಬಟ್ಟೆ ಜೊತೆ ಏಗ್ತಿದೀನಿ, ನಂಗೊತ್ತು” ಎಂದೆ.

“ಅತ್ತಿಗೆ, ನೀವು ನಿಮ್ಮ ಇಸ್ತ್ರಿ ನೋಡ್ಕೊಳ್ಳಿ. ನನ್ನ ಕೈಯಲ್ಲಿ ಒಂದು ಮೂಟೆ ಆಲೂಗಡ್ಡೆಯೂ ಕೊಳೆತಿಲ್ಲ.”

“ನಿಮ್ಮ ಮೂಟೆಗಳು ಒಳಗೆ ಅಡುಗೆ ಮಾಡ್ತಿದ್ವಾ?”

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ. ನನಗೇನೂ ನಷ್ಟವಾಗಲಿಲ್ಲ.

ಬಸ್ಸು ಬಂದು ನಿಂತ ಒಂಬತ್ತನೆಯ ದಿನ ತಂಗಿ ಒಲೆಯ ಮುಂದೆ ಕುಸಿದುಬಿದ್ದಳು. ಪಾತ್ರೆ ಬಿದ್ದ ಸದ್ದಿಗೆ ನಾನು ಓಡಿಹೋಗಿ ಬಾಗಿಲು ತೆರೆದೆ. ಆಗಲೂ ಆ ಮಹಾನುಭಾವ ಹಿಂದಿನಿಂದ “ಬೇಗ ಮುಚ್ಚಿ” ಎಂದ. ಅವಳನ್ನು ನನ್ನ ಇಸ್ತ್ರಿ ಕೋಣೆಯ ಕಿಟಕಿ ಪಕ್ಕ ಮಲಗಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿದೆ. ಇನ್ನೊಂದು ದಿನ ಹೀಗಾದರೆ ಹೃದಯ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿಹೋದರು.

“ಆ ಮುಚ್ಚಳ ತೆಗೆಯೋವರೆಗೂ ನಾನು ಒಳಗೆ ಕಾಲಿಡಲ್ಲ” ಎಂದಳು ತಂಗಿ, ಗಂಡನ ಮುಖ ನೋಡಿಯೇ. ಅಷ್ಟು ವರ್ಷಗಳಲ್ಲಿ ಅವಳು ಅವನಿಗೆ ಎದುರಾಡಿದ್ದು ಅದೇ ಮೊದಲು.

“ಸರಿ. ನಾನೊಬ್ಬನೇ ಇದ್ದು ತೋರಿಸ್ತೀನಿ.”

ಹೋದ; ಬಾಗಿಲು ಹಾಕಿಕೊಂಡ. ಮರದ ಕೆಳಗಿನ ಕುರ್ಚಿ ಖಾಲಿಯಾಯಿತು. ಮೂರು ದಿನ ತಾನೇ ಬೇಯಿಸಿಕೊಂಡ. ನಾಲ್ಕನೆಯ ದಿನ ನನ್ನ ಹಿಂಬಾಗಿಲಿಗೆ ಬಂದು ನಿಂತಾಗ, ಅಂಗಿ ಹಿಂಡಿದರೆ ಅರ್ಧ ಬಕೆಟ್ಟು ತುಂಬುವಂತಿತ್ತು. ಕೈಯಲ್ಲಿ ತುದಿ ಮುರಿದ ಚಾಕು, ಉಗುರಿನ ಸಂದಿಯಲ್ಲೆಲ್ಲ ಗಮ್ಮು. ತಂಗಿ ಕಿಟಕಿಯ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಇಸ್ತ್ರಿ ನಿಲ್ಲಿಸಲಿಲ್ಲ. ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದ. ಆಗಲೂ ನೇರವಾಗಿ ಕೇಳುವ ಯೋಗ್ಯತೆ ಅವನಿಗೆ ಬರಲಿಲ್ಲ.

“ಅತ್ತಿಗೆ, ಬಟ್ಟೆಗೆ ಗಮ್ ಅಂಟಿದ್ರೆ ನೀವು ಏನು ಹಾಕಿ ಬಿಡಿಸ್ತೀರಿ?”