ಹೂಂ ಅನ್ನದ ವಾರ

ಸಿಂದಗಿಯ ಕಾಲೇಜಿನಲ್ಲಿ ನಾವು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಧಾರವಾಡದಿಂದ ಒಬ್ಬ ಉಪನ್ಯಾಸಕರು ಬಂದು ಒಂದು ವಾರ ನಮಗೆ ಮಾತಾಡುವುದನ್ನು ಕಲಿಸಿದರು. ಎಪ್ಪತ್ತರ ದಶಕದ ಒಂದು ವರ್ಷ. ಯಾವುದೆಂದು ಹೇಳಬಲ್ಲೆ. ಆದರೆ ಇಸವಿ ಹೇಳಿದ ಕೂಡಲೇ ಉಳಿದದ್ದೂ ಖಚಿತವೆಂಬ ಭ್ರಮೆ ಹುಟ್ಟುತ್ತದೆ, ಆದ್ದರಿಂದ ಬಿಡುತ್ತೇನೆ. ಬಿಸಿಲಿತ್ತು ಎಂದು ಮಾತ್ರ ಬರೆಯಬಹುದು. ಸಿಂದಗಿಯ ಬಗ್ಗೆ ಹಾಗೆ ಬರೆದರೆ ತಪ್ಪಾಗುವ ಸಂಭವ ಕಡಿಮೆ.

ಆ ತರಬೇತಿಗೂ ಪರೀಕ್ಷೆಗೂ ಸಂಬಂಧವಿರಲಿಲ್ಲ. ಬೇಕಾದವರು ಸೇರಬಹುದು, ಬೇಡವಾದವರು ಊಟಕ್ಕೆ ಹೋದವರು ತಿರುಗಿ ಬರದೆ ಇರಬಹುದು. ಮಧ್ಯಾಹ್ನ ಉಪನ್ಯಾಸ, ಆಮೇಲೆ ಅಭ್ಯಾಸ. ಕೊನೆಯ ದಿನ ಸೇರಿದವರೆಲ್ಲ ತಾವೇ ಆರಿಸಿಕೊಂಡ ವಿಷಯದ ಮೇಲೆ ಮಾತಾಡಬೇಕು. ನಾನು ಸೇರಿದ್ದು ಆಗ ನನಗಿದ್ದ ಒಂದು ಚಟದಿಂದ: ಹೊಸದೆಂದು ಯಾರು ಏನು ಹೇಳಿದರೂ ಅದರ ಹಿಂದೆ ಹೋಗುವುದು. ಪೂರ್ಣವಿರಾಮಗಳಿಲ್ಲದ ಪದ್ಯ ಬರೆಯುತ್ತಿದ್ದೆ. ಇಂಡಿ ಊರಿನ ನಮ್ಮ ಮನೆಯಲ್ಲಿ ಅವನ್ನು ಓದಿದ ಅಕ್ಕ, "ಉಸರು ಎಲ್ಲಿ ತಗೋಬೇಕೋ ತಮ್ಮಾ?" ಎಂದು ಕೇಳಿದ್ದಳು.

ನನ್ನ ಗೆಳೆಯ ಸೇರಿದ ಕಾರಣ ಬೇರೆ. ಅವನು ಕನ್ನೊಳ್ಳಿಯವನು. ಕುರಿ ಸಾಕುವ, ಡೊಳ್ಳಿನ ಪದ ಹಾಡುವ ಮನೆತನ. ಮುದ್ದೇಬಿಹಾಳದ ಕಡೆಯ ಒಂದು ಹೈಸ್ಕೂಲಿಗೆ ಇತಿಹಾಸ ಕಲಿಸಲು ಮಾಸ್ತರರು ಬೇಕಾಗಿದ್ದರು. ಅಲ್ಲಿಯ ಹೆಡ್‌ಮಾಸ್ತರರು ಕೊನೆಯ ದಿನ ಬಂದು ನಮ್ಮ ಮಾತು ಕೇಳುತ್ತಾರೆ, ಮನಸ್ಸಿಗೆ ಬಂದವನನ್ನು ಪರೀಕ್ಷೆ ಮುಗಿದ ಮೇಲೆ ಕರೆಸಿಕೊಳ್ಳುತ್ತಾರೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಗೆಳೆಯನಿಗೆ ಆ ಕೆಲಸ ಬೇಕಿತ್ತು. ಸಿಗದಿದ್ದರೆ ಅಪ್ಪನ ಹಿಂಡಿನ ಹಿಂದೆ ನಡೆಯುವುದು ಮೊದಲೇ ನಿಶ್ಚಯವಾಗಿತ್ತು.

"ಕುರಿ ಕಾಯೂದ್ರಾಗ ಏನೂ ಕಡಿಮಿ ಇಲ್ಲಲೇ," ಎಂದಿದ್ದ ನನಗೆ. "ಆದ್ರ ಕುರಿಗೆ ಏನ್ ಹೇಳಿದ್ರೂ ತಿಳೀತೋ ಇಲ್ಲೋ ಗೊತ್ತಾಗಂಗಿಲ್ಲ. ಮನಷ್ಯಾರ ಮಕ್ಕಳಿಗೆ ಒಮ್ಮಿ ಹೇಳಿ ನೋಡಬೇಕು."

ಉಪನ್ಯಾಸಕರು ಮೂಲತಃ ಮೈಸೂರಿನ ಕಡೆಯವರು, ಧಾರವಾಡಕ್ಕೆ ಬಂದು ಬಹಳ ದಿನವಾಗಿರಲಿಲ್ಲ. ತೆಳ್ಳಗಿದ್ದರು, ಪ್ರತಿ ಶಬ್ದವನ್ನೂ ಒರೆಸಿ ಇಟ್ಟಂತೆ ಆಡುತ್ತಿದ್ದರು. ಮೊದಲ ದಿನ ಎದ್ದು ನಿಂತು, "ಮಾತು ಒಂದು ಜವಾಬ್ದಾರಿ," ಎಂದರು.

"ಹೂಂ," ಎಂದಿತು ಇಡೀ ಕೋಣೆ.

ಅವರು ಕನ್ನಡಕ ಸರಿಮಾಡಿಕೊಂಡರು. "ಆಡುವವನಿಗೆ ಮೊದಲು ತಾನು ಏನು ಹೇಳುತ್ತಿದ್ದೇನೆ ಎಂದು ತಿಳಿದಿರಬೇಕು."

"ಹೌದ್ರೀ... ಹೂಂ."

ನಮ್ಮ ಕಡೆ ಇದು ಹೊಸದೇನೂ ಅಲ್ಲ. ಕತೆ ಹೇಳಲಿ, ಮಠದಲ್ಲಿ ಪುರಾಣ ಹೇಳಲಿ, ಎತ್ತು ಕೊಂಡ ಸುದ್ದಿ ಹೇಳಲಿ, ಎದುರಿಗಿದ್ದವರು ಮಾತು ಮಾತಿಗೆ ಹೂಂ ಅನ್ನಬೇಕು. ನನ್ನ ಅಜ್ಜಿ ಕತೆ ಶುರುಮಾಡುವ ಮೊದಲೇ ಹೂಂ ಅನ್ನುವವರು ಯಾರೆಂದು ಗೊತ್ತುಮಾಡುತ್ತಿದ್ದಳು. ಅವರಿಗೆ ತೂಕಡಿಕೆ ಬಂದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು, ರಾಜನ ಮಗ ಕುದುರೆ ಹತ್ತಲು ಕಾಲೆತ್ತಿದ್ದರೆ ಎತ್ತಿದ ಹಾಗೆಯೇ. ಇದು ಉಪನ್ಯಾಸಕರಿಗೆ ಹೇಗೆ ತಿಳಿಯಬೇಕು? ನಾವೆಲ್ಲ ಸೇರಿ ತಮ್ಮನ್ನು ಗೇಲಿ ಮಾಡುತ್ತಿದ್ದೇವೆ ಎಂದುಕೊಂಡರು. ಮುಖ ಕೆಂಪಾಯಿತು.

"ನಾನು ಹೇಳುವುದು ನಿಮಗೆ ಅಷ್ಟು ತಮಾಷೆಯಾಗಿ ಕಾಣುತ್ತಿದೆಯೇ?"

"ಇಲ್ರೀ ಸರ್," ಎಂದು ಗೆಳೆಯ ಎದ್ದು ನಿಂತ. "ಕೇಳಾಕತ್ತೇವ್ರಿ."

"ಕೇಳುವುದಾದರೆ ಸುಮ್ಮನೆ ಕೇಳಿ."

"ಸುಮ್ನ ಹ್ಯಾಂಗ ಕೇಳೂದ್ರಿ ಸರ್?"

ಕೋಣೆ ನಕ್ಕಿತು, ಅದರಿಂದ ಕೆಲಸ ಇನ್ನೂ ಕೆಟ್ಟಿತು. ಈ ವಾರ ಮುಗಿಯುವವರೆಗೆ ಇಲ್ಲಿ ಯಾರೂ ಹೂಂ ಅನ್ನಬಾರದು ಎಂದು ಅವರು ಅಪ್ಪಣೆ ಮಾಡಿದರು.

ನನಗೆ ಸಂತೋಷವೇ ಆಯಿತು. ಮೌನ ನನಗೆ ಬಹಳ ಆಧುನಿಕವಾಗಿ ಕಂಡಿತು. ಗೆಳೆಯನಿಗೆ ಮಾತ್ರ ನಾಲಿಗೆ ಕಟ್ಟಿದಂತಾಯಿತು. ಅಭ್ಯಾಸಕ್ಕೆ ನಮ್ಮಿಬ್ಬರನ್ನು ಎದುರುಬದುರು ಕೂರಿಸಿದ್ದರು. ಅವನು ಒಂದು ವಾಕ್ಯ ಹೇಳುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ನಿಲ್ಲುತ್ತಿದ್ದ. ಮನೆಯ ಹಾಡಿಕೆಯಲ್ಲಿ ಅವನು ಒಂದು ಸಾಲು ಎತ್ತಿದರೆ ಹಿಮ್ಮೇಳ ಆ ಸಾಲನ್ನು ಹಿಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮುಂದಿನ ಸಾಲು ಅವನ ಬಾಯಿಗೆ ಬಂದಿರುತ್ತಿತ್ತು. ಇಲ್ಲಿ ಹೇಳಿದ ಸಾಲು ಹಿಡಿಯುವವರಿಲ್ಲದೆ ಕೆಳಗೆ ಬೀಳುತ್ತಿತ್ತು.

"ನಿನ್ನ ಮಾರಿ ನೋಡಿದ್ರ ಗ್ವಾಡಿ ಮುಂದ ನಿಂತಂಗ ಆಗತೈತಿ," ಎಂದ.

"ಮೌನಾನೂ ಒಂದು ಉತ್ತರಾನ ಐತಿ," ಎಂದೆ ನಾನು.

"ಮೌನ ಬೇಕಾಗಿದ್ರ ನಮ್ಮ ಹೊಲಕ್ಕ ಬಾ, ಪುಕ್ಕಟ ಸಿಗತೈತಿ. ಅದಕ್ಕ ಕಾಲೇಜ್ ಯಾಕ್ ಬೇಕಲೇ?"

ಕೊನೆಯ ದಿನದ ಮಾತಿಗೆ ಅವನು ಆರಿಸಿಕೊಂಡದ್ದು ಸಾಲೋಟಗಿಯ ಶಾಸನ. ನಮ್ಮ ಇಂಡಿಗೆ ಹತ್ತಿರದ ಊರು. ಹಿಂದೆ ಅಲ್ಲಿ ಒಂದು ದೊಡ್ಡ ವಿದ್ಯಾಶಾಲೆ ಇತ್ತು, ದೂರದೂರದ ನಾಡುಗಳಿಂದ ಬಂದ ಹುಡುಗರಿಗೆ ವಸತಿ ಇತ್ತು, ಊರಲ್ಲಿ ಮದುವೆಯಾದರೆ ಆ ಶಾಲೆಗೆ ಕಾಣಿಕೆ ಸಲ್ಲಬೇಕಿತ್ತು ಎಂದು ಆ ಕಲ್ಲು ಹೇಳುತ್ತದೆ. ಇತಿಹಾಸದ ಪಾಠದಲ್ಲಿ ಇದನ್ನು ಕೇಳಿದಾಗ ಅವನು ನನ್ನ ತೊಡೆ ಚಿವುಟಿದ್ದ. ಮಠದ ಪ್ರಸಾದನಿಲಯದಲ್ಲಿ ಪುಕ್ಕಟೆಯಾಗಿ ಉಂಡು ಓದುತ್ತಿದ್ದವನು ಅವನು. "ನೋಡಲೇ, ಯಾರದೋ ಮದವಿ, ಯಾರದೋ ಮಗ ಓದತಾನ," ಎಂದಿದ್ದ.

ವಾರದ ನಡುವೆ ಅವನು ಉಪನ್ಯಾಸಕರನ್ನು ಕಂಡು, "ಸರ್, ಒಬ್ರನ್ನರ ಹೂಂ ಅನ್ನಾಕ ಬಿಡ್ರಿ," ಎಂದು ಕೇಳಿದ. ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು. ಈ ಪದ್ಧತಿಯ ಬಗ್ಗೆ ಯಾರೋ ಅವರಿಗೆ ತಿಳಿಸಿ ಹೇಳಿಯೂ ಇದ್ದರು. ಆದರೂ ಒಪ್ಪಲಿಲ್ಲ.

"ನೀನು ಮೇಷ್ಟ್ರಾದ ಮೊದಲ ದಿನ ಮಕ್ಕಳು ಹೆದರಿಕೊಂಡು ಸುಮ್ಮನೆ ಕೂತಿರುತ್ತಾರಪ್ಪ. ಯಾರೂ ಹೂಂ ಅನ್ನುವುದಿಲ್ಲ. ಆಗ ಏನು ಮಾಡುತ್ತೀಯ? ಈಗಲೇ ಅಭ್ಯಾಸವಾಗಲಿ."

ಅದು ಕೆಟ್ಟ ಉದ್ದೇಶದ ಮಾತಲ್ಲ. ಬೇರೆಯವರು ಹೋದ ಮೇಲೂ ಅವರು ಅವನನ್ನು ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದರು. ಬಾಗಿಲಲ್ಲಿ ಕಾಯುತ್ತಿದ್ದ ನಾನು ನೋಡಿದ್ದೇನೆ, ಬಾಯಿ ಬಿಗಿಹಿಡಿದಿದ್ದರೂ ಅವರ ತಲೆ ಒಮ್ಮೊಮ್ಮೆ ತಾನಾಗಿ ಅಲ್ಲಾಡುತ್ತಿತ್ತು. ಹಾಗೆ ಅಲ್ಲಾಡಿದಾಗ ಗೆಳೆಯ ಇನ್ನೆರಡು ವಾಕ್ಯ ಮುಂದೆ ಹೋಗುತ್ತಿದ್ದ.

ಕೊನೆಯ ದಿನ ಹೆಡ್‌ಮಾಸ್ತರರು ಬಂದು ಮುಂದಿನ ಸಾಲಿನಲ್ಲಿ ಕೂತರು. ತಲೆಗೆ ಪಟಕಾ ಸುತ್ತಿದ್ದರು, ಮೊಳಕಾಲ ಮೇಲೆ ಛತ್ರಿ ಇಟ್ಟುಕೊಂಡಿದ್ದರು. ನನ್ನ ಭಾಷಣ ಮೊದಲೇ ಮುಗಿಯಿತು. ಏನು ಮಾತಾಡಿದೆ ನೆನಪಿಲ್ಲ. ಕೇಳಿದವರಿಗೂ ಇರಲಾರದು. ಆಮೇಲೆ ಗೆಳೆಯ ಎದ್ದ. "ಸಾಲೋಟಗಿಯಲ್ಲಿ ಒಂದು ಸಾಲೆ ಇತ್ತು," ಎಂದ. ಸುಮ್ಮನಿದ್ದೆವು, ಅಪ್ಪಣೆಯಂತೆ. "ದೂರದ ಊರುಗಳಿಂದ ಹುಡುಗರು ಅಲ್ಲಿಗೆ ಬರುತ್ತಿದ್ದರು," ಎಂದ. ಮತ್ತೆ ಯಾರ ಸದ್ದೂ ಇಲ್ಲ. ಅವನು ಬಾಯಿ ತೆರೆದ, ಮುಚ್ಚಿದ. ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಹೆಡ್‌ಮಾಸ್ತರರು ಛತ್ರಿಯನ್ನು ಒಂದು ಮೊಳಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಕೆಲಸ ಕೈಬಿಟ್ಟು ಹೋಗುತ್ತಿರುವುದು ನಮಗೆಲ್ಲ ಕಾಣುತ್ತಿತ್ತು.

ಆಗ ಒಂದು "ಹೂಂ" ಕೇಳಿಸಿತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಿಂದೊಮ್ಮೆ ಒಂದು ಕತೆಯಲ್ಲಿ ಆ ಹೂಂ ಅನ್ನು ಉಪನ್ಯಾಸಕರ ಬಾಯಲ್ಲಿ ಹಾಕಿದ್ದೆ. ತಮ್ಮ ಅಪ್ಪಣೆಯನ್ನು ತಾವೇ ಮುರಿದರು ಎಂದರೆ ಓದುವವರ ಕಣ್ಣು ತುಂಬುತ್ತದೆ. ಗೆಳೆಯರ ನಡುವೆ ಹೇಳುವಾಗ ಹೆಡ್‌ಮಾಸ್ತರರಿಗೆ ಕೊಟ್ಟಿದ್ದೇನೆ, ಹಳೆಯ ಕಾಲದವರಲ್ಲವೇ, ತಡೆಯಲಾಗಲಿಲ್ಲ ಎಂದು. ಧೈರ್ಯ ಬಂದ ದಿನ ನಾನೇ ಅಂದೆ ಎಂದೂ ಹೇಳಿದ್ದುಂಟು. ಮೂರೂ ಚೆನ್ನಾಗಿ ಕೂಡುತ್ತವೆ, ಅದಕ್ಕೇ ಮೂರರ ಮೇಲೂ ಸಂಶಯ. ಗೆಳೆಯ ಮುಂದೆ ಮಾತಾಡಿದ್ದು ನಿಜ. ಕೋಣೆ ನಕ್ಕದ್ದು ನಿಜ. ಉಪನ್ಯಾಸಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, "ಆಯಿತು, ನಾಳೆಯಿಂದ ಎಲ್ಲರೂ ಹೂಂ ಅನ್ನಿ," ಎಂದದ್ದೂ ನಿಜವೇ ಇರಬೇಕು. ನಾಳೆ ಇರಲಿಲ್ಲ, ತರಬೇತಿ ಅಂದಿಗೆ ಮುಗಿದಿತ್ತು.

ನಾನು ಕಂಡಂತೆ ಹೆಡ್‌ಮಾಸ್ತರರು ಏನನ್ನೂ ಹೇಳದೆ ಬಸ್ಸು ಹತ್ತಿದರು. ಪರೀಕ್ಷೆ ಮುಗಿಸಿ ಗೆಳೆಯ ಕನ್ನೊಳ್ಳಿಗೆ ಹೋದ, ನಾನು ಇಂಡಿಗೆ. ಆಮೇಲೆ ನಾನು ಊರೂರು ಅಲೆಯತೊಡಗಿದೆ, ಅವನ ಸುದ್ದಿ ತಪ್ಪಿತು.

ದಶಕ ಮುಗಿಯುತ್ತ ಬಂದಾಗ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ನನ್ನ ಹೆಗಲಿಗೆ ಹೊಡೆದರು. ಅವನೇ. ತೋಳಿನಂಚಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು.

"ಮಾಸ್ತರ ಆದಿ ಏನಲೇ?"

"ಆಗೀನಿ. ಹೆಡ್‌ಮಾಸ್ತರು ಪರೀಕ್ಷಾ ಆದ ಮ್ಯಾಲ ಕರೆ ಕಳಿಸಿದ್ರು. ಮುದ್ದೇಬಿಹಾಳದ ಬಸ್ ಕಾಯಾಕತ್ತೇನಿ. ಚಾ ಕುಡೀತಿಯೇನ?"

ಚಹಾ ಕುಡಿಯುತ್ತ ಆ ದಿನದ ಕತೆಯನ್ನು ನಾನು ಅವನಿಗೇ ಹೇಳಿದೆ, ಉಪನ್ಯಾಸಕರೇ ಹೂಂ ಅಂದರು ಎನ್ನುವ ರೂಪದಲ್ಲಿ. ಅವನು ವಾಕ್ಯಕ್ಕೊಮ್ಮೆ ಹೂಂ ಅನ್ನುತ್ತ ಕೊನೆಯವರೆಗೂ ಕೇಳಿದ. ಆಮೇಲೆ ಚಹಾದ ಬಸಿ ಕೆಳಗಿಟ್ಟ.

"ಯಾರೂ ಅನ್ಲಿಲ್ಲೋ ಮಾರಾಯಾ. ನಾನ ಅಂದ್ಕೊಂಡೆ."

"ಮತ್ತ ಈಗ ಹೂಂ ಹೂಂ ಅಂತ ಕೇಳಿದೆಲ್ಲೋ?"

"ಖರೆ ಅಂತ ಅಂದೇನೇನು? ಮುಂದ ಹೇಳು ಅಂತ ಅಂದೆ."

ನಡೆದದ್ದು ಇಷ್ಟು ಎಂದ. ಮೇಜು ಹಿಡಿದು ನಿಂತಾಗ ಅಪ್ಪನ ಕುರಿಗಳು ಕಣ್ಣ ಮುಂದೆ ಬಂದವು. ಹೊಲದಲ್ಲಿ ಒಬ್ಬನೇ ಹಾಡುವಾಗ ಹಿಮ್ಮೇಳವನ್ನೂ ತಾನೇ ಹೇಳಿಕೊಳ್ಳುತ್ತಿದ್ದದ್ದು ನೆನಪಾಯಿತು. ಅಪ್ಪಣೆ ಇದ್ದದ್ದು ಕೇಳುವವರಿಗೆ, ಹೇಳುವವನಿಗೆ ಅಲ್ಲವಲ್ಲ. ಒಂದು ವಾಕ್ಯ ಹೇಳಿದ, ತಾನೇ ಹೂಂ ಅಂದ, ಇನ್ನೊಂದು ಹೇಳಿದ. ಎಲ್ಲ ಮುಗಿದ ಮೇಲೆ ಹೆಡ್‌ಮಾಸ್ತರರು ಅವನನ್ನು ಗಿಡದ ನೆರಳಿಗೆ ಕರೆದಿದ್ದರಂತೆ.

"'ಏ ತಮ್ಮಾ, ನನ್ನ ಸಾಲ್ಯಾಗೂ ಹಿಂಗ ಒಬ್ಬನ ಅಂದ್ಕೋತ ನಿಲ್ಲಾಂವ ಏನು?' ಅಂದ್ರು. 'ಹುಡುಗ್ರು ಅನ್ನೂತನಕ ಅಂತೀನ್ರಿ,' ಅಂದೆ."

"ಅಂದ್ರೇನು ಹುಡುಗ್ರು?"

"ಮೊದಲ ದಿನ ಇಲ್ಲ. ಅವ್ರ ಹೇಳಿದ್ರಲ್ಲ ನಮ್ಮ ಧಾರವಾಡದ ಸರ್, ಹಂಗ ಆತು. ಗೊಂಬಿ ಕೂತಂಗ ಕೂತಿದ್ವು. ಇಡೀ ತಾಸು ನಾನ ಅಂದೆ. ಮರುದಿನಾನೂ ಅಂದೆ. ಆಮ್ಯಾಲ ಮೂಲ್ಯಾಗಿನ ಒಂದು ಹುಡುಗಿ ನಾ ಅನ್ನೂಕ್ಕಿಂತ ಮೊದಲ ಅಂದು ಬಾಯಿ ಮುಚ್ಕೊಂಡ್ಳು." ಅವನು ಎದ್ದು ಚೀಲ ಹೆಗಲಿಗೇರಿಸಿದ. "ಈಗ ಬಾಜೂ ಕ್ಲಾಸಿನ ಮಾಸ್ತರ ಗದ್ದಲಾ ಅಂತ ಬೈತಾರ."

ಬಸ್ಸು ಬಂತು. ಹತ್ತಿ, ಕಿಟಕಿಯಿಂದ ಬಗ್ಗಿ, "ಸರ್ ಅಂದ್ರು ಅಂತನ ಬರಿ ಬೇಕಾದ್ರ, ಛಲೋ ಐತಿ ಅದು," ಎಂದು ಕೂಗಿದ.

ನನಗೆ ಈಗಲೂ ಆ ಹೂಂ ಕೋಣೆಯ ಹಿಂದಿನಿಂದಲೇ ಕೇಳಿಸುತ್ತದೆ. ಅವನು ನಿಂತಿದ್ದದ್ದು ಮುಂದೆ.