ಕೂತ್ಕೊಳ್ಳಿ ದೊಡ್ಡಪ್ಪ

ಅರ್ಪಿತ ವಿಮಾನದಲ್ಲಿ ಗಗನಸಖಿಯ ಕೆಲಸಕ್ಕೆ ಸೇರುತ್ತೇನೆಂದಾಗ ಅಡ್ಡ ನಿಂತವರು ಅವಳ ದೊಡ್ಡಪ್ಪ ಗಂಗಾಧರಸ್ವಾಮಿ. ತಿ. ನರಸೀಪುರದಲ್ಲಿ ಅಕ್ಕಿ ಗಿರಣಿ, ಮಠದ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ, ಮನೆತನದಲ್ಲಿ ಅವರ ಮಾತೇ ಕೊನೆ. "ಕಂಡೋರ ಎಂಜಲು ಲೋಟ ಎತ್ತಕ್ಕೆ ನಮ್ಮನೆ ಕೂಸೇ ಬೇಕಾ?" ಎಂದಿದ್ದರು. ನಂಜನಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ ನಂಜೇಶ್ ಅಣ್ಣನೆದುರು ತುಟಿ ಬಿಚ್ಚಲಿಲ್ಲ. ಅರ್ಪಿತ ಹಟ ಹಿಡಿದು ಸೇರಿದಳು. ಕೆಲವೇ ವರ್ಷಗಳಲ್ಲಿ ಅದೇ ದೊಡ್ಡಪ್ಪ ಮದುವೆಮನೆಗಳಲ್ಲಿ, "ಪ್ಲೇನು ಅಂದ್ರೆ ನಮ್ಮನೆ ಇದ್ದಂಗೆ" ಎಂದು ಮೀಸೆ ತಿರುವತೊಡಗಿದರು.

ಹೋದ ವರ್ಷ ಅವರು ಪರಿಚಯದವರನ್ನೆಲ್ಲ ಕಟ್ಟಿಕೊಂಡು ಕಾಶಿಗೆ ಹೋದರು. ವಾಪಸು ಬರುವ ವಿಮಾನದಲ್ಲಿ ಅರ್ಪಿತಳಿಗೇ ಡ್ಯೂಟಿ ಬಿತ್ತು. ಹೊರಡುವ ಮೊದಲೇ ಶುರುವಾಯಿತು. ಬೆಲ್ಟ್ ಹಾಕಿಕೊಳ್ಳಿ ಎಂದರೆ, "ಹೊಟ್ಟೆ ಬಿಗೀತದೆ, ಓಗವ್ವ ಅತ್ಲಾಗೆ" ಎಂದರು. ಪಕ್ಕದವರು ನಕ್ಕರು. ಅವಳೇ ಬಗ್ಗಿ ಬೆಲ್ಟ್ ಹಾಕಿದಳು. ಹಿಂದೆ ತಿರುಗುವಷ್ಟರಲ್ಲಿ ಅದು ಬಿಚ್ಚಿದ ಸದ್ದು ಕೇಳಿತು. ಕೆನ್ನೆ ಕಾವೇರಿತು, ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು. ನಗುವುದೂ ಅವಳ ಕೆಲಸವೇ.

ಬೆಂಗಳೂರಿನಲ್ಲಿ ಚಕ್ರ ನೆಲ ಮುಟ್ಟಿ ವಿಮಾನ ಇನ್ನೂ ಓಡುತ್ತಿರುವಾಗ ಗಂಗಾಧರಸ್ವಾಮಿ ಎದ್ದು ನಿಂತರು. ಕಾರು ಕಾಯುತ್ತಿತ್ತು, ಎಲ್ಲರಿಗಿಂತ ಮೊದಲು ಇಳಿಯಬೇಕಿತ್ತು. ಅರ್ಪಿತ ತನ್ನ ಸೀಟಿನಲ್ಲಿ ಪಟ್ಟಿ ಬಿಗಿದುಕೊಂಡಿದ್ದಳು. ವಿಮಾನದ ಓಟ ನಿಲ್ಲುವತನಕ ಅವಳು ಏಳುವ ಹಾಗಿಲ್ಲ.

"ಸರ್, ಕೂತ್ಕೊಳ್ಳಿ." ಅವರು ತಲೆಯ ಮೇಲಿನ ಲಗೇಜು ಗೂಡಿನ ಬಾಗಿಲು ತೆರೆದರು. "ದೊಡ್ಡಪ್ಪ, ಕೂತ್ಕೊಳ್ಳಿ" ಎಂದು ಅವಳು ಕಿರುಚಿದಳು.

"ನಿಂದೊಳ್ಳೆ ಕಾಟ" ಎನ್ನುತ್ತಾ ಅವರು ಚೀಲ ಎಳೆಯುತ್ತಿದ್ದಂತೆ ಬ್ರೇಕು ಬಿತ್ತು. ಹಿತ್ತಾಳೆ ದೀಪಗಳನ್ನು ತುಂಬಿದ್ದ ಆ ಚೀಲ ಮುಂದಿನ ಸೀಟಿನಲ್ಲಿದ್ದ ಕೆಂಪಾಜಮ್ಮನ ಹೆಗಲ ಮೇಲೆ ಬಿತ್ತು. ಬನ್ನೂರಿನಲ್ಲಿ ಹೂವು ಕಟ್ಟಿ ಮಾರುವ ಹೆಂಗಸು, ಅದೇ ಗುಂಪಿನಲ್ಲಿ ಕಾಶಿ ನೋಡಲು ಬಂದಿದ್ದಳು. ಹೆಗಲ ಮೂಳೆ ಮುರಿಯಿತು.

ವಿಮಾನದ ಬಾಗಿಲು ತೆರೆದಾಗ ಸೆಕ್ಯುರಿಟಿಯವರು ಬಂದರು. ಗೂಡಿನ ಬಾಗಿಲು ಸಡಿಲವಾಗಿತ್ತು, ಚೀಲ ತಾನಾಗಿಯೇ ಬಿತ್ತು ಎಂದರು ಗಂಗಾಧರಸ್ವಾಮಿ. ನೀನೂ ಹೇಳು ಎನ್ನುವಂತೆ ಅರ್ಪಿತಳತ್ತ ನೋಡಿದರು. ಹಾಗೆ ಹೇಳಿದರೆ ಆ ಬಾಗಿಲು ಮುಚ್ಚಿದ್ದ ಅವಳ ಜೊತೆ ದುಡಿಯುವ ಹುಡುಗಿಯ ಕೆಲಸ ಹೋಗುತ್ತಿತ್ತು.

"ಇವರು ನಮ್ಮ ದೊಡ್ಡಪ್ಪ" ಎಂದಳು ಅರ್ಪಿತ. "ವಿಮಾನ ಓಡುವಾಗಲೇ ಎದ್ದು ಚೀಲ ಎಳೆದರು. ನಾನು ನೋಡಿದೆ."

ಕಂಪನಿ ಅವರಿಗೆ ಆರು ತಿಂಗಳು ವಿಮಾನ ಹತ್ತದಂತೆ ತಡೆ ಹಾಕಿತು. ತಿ. ನರಸೀಪುರದಲ್ಲಿ ಅದೇ ಮಾತಾಯಿತು. ಅರ್ಪಿತ ರಜೆಗೆ ಊರಿಗೆ ಬಂದಾಗ ಅಪ್ಪ ಎಲ್ಲಿಗೆಂದು ಹೇಳದೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಣ್ಣನ ಮನೆಗೆ ಕರೆದುಕೊಂಡು ಹೋದ. ದೊಡ್ಡಪ್ಪ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ಕಾಲಿಗೆ ಬಿದ್ಬುಡವ್ವ, ಇಲ್ಲಿಗೇ ಮುಗೀಲಿ" ಎಂದ ನಂಜೇಶ್.

"ನೀವು ಕೆಂಪಾಜಮ್ಮನ್ನ ನೋಡೋಕೆ ಬನ್ನೂರಿಗೆ ಹೋಗಿದ್ರಾ ದೊಡ್ಡಪ್ಪ?"

"ಯಾಕ್ ಓಗ್ಬೇಕು? ಆಯಮ್ಮಂಗೆ ಟಿಕೆಟ್ ಕೊಡ್ಸಿದ್ದೋನೇ ನಾನು."

"ಕಾಸು ಕೊಟ್ಟೋರು ಮೂಳೆ ಮುರೀಬಹುದು ಅಂತ ಎಲ್ಲಿದೆ? ನಾನು ಕಾಲಿಗೆ ಬೀಳಲ್ಲ" ಎಂದಳು. "ಯಾರ ಮುಂದೆ ಮಾತಾಡ್ತಿದ್ದೀಯಾ" ಎಂದು ಅಪ್ಪ ಕೈ ಎತ್ತಿದ. "ಹೊಡೀರಿ" ಎಂದು ಅವಳು ಅಲ್ಲೇ ನಿಂತಳು. ಎತ್ತಿದ ಕೈ ಹೊಡೆಯದೆ ಇಳಿಯಿತು. ಅವಳು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ನಡೆದು ಬನ್ನೂರಿನ ಬಸ್ಸು ಹತ್ತಿದಳು. ಆ ಮನೆಯಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ.

ಕೆಂಪಾಜಮ್ಮ ನೋವಿನ ಕೈಯನ್ನು ಕೊರಳಿನ ಜೋಳಿಗೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಕಟ್ಟುವವರಿಲ್ಲದೆ ಮಲ್ಲಿಗೆ ಬುಟ್ಟಿ ಬರಿದಾಗಿತ್ತು.

"ಅವ್ರ್ಯಾರೂ ಇತ್ತ ತಲೆ ಆಕ್ನಿಲ್ಲ ಕಣವ್ವ. ದೊಡ್ಡೋರು, ಏನಂತ ಏಳನ?"

"ಹೇಳ್ಬೇಕು ಕೆಂಪಾಜಮ್ಮ. ನೀವು ಸುಮ್ಮನಿದ್ರೆ ಅವರಿಗೆ ಇನ್ನೂ ಸಲೀಸು." ಅವಳ ದನಿ ಅಂದುಕೊಂಡದ್ದಕ್ಕಿಂತ ಗಡುಸಾಗಿತ್ತು.

ಕೆಂಪಾಜಮ್ಮ ಬಾಚಣಿಗೆ ಮುಂದಕ್ಕೆ ಹಿಡಿದಳು. ಕೈ ಎತ್ತಲಾಗದೆ ತಲೆ ಗಂಟುಗಟ್ಟಿತ್ತು. ಅರ್ಪಿತ ಹಿಂದೆ ಕೂತು ಬಾಚತೊಡಗಿದಳು. ದೊಡ್ಡಪ್ಪನ ಮೇಲಿನ ಸಿಟ್ಟಿಗೆ ಹಲ್ಲು ಕಚ್ಚಿಕೊಂಡೇ ಬಾಚುತ್ತಿದ್ದಳು.

"ಮೆತ್ತಗೆ ಕಣವ್ವ, ನೋಯ್ತದೆ" ಎಂದಳು ಕೆಂಪಾಜಮ್ಮ.